ಹನ್ನೆರಡೂ ಮುಕ್ಕಾಲಿನ ಡ್ಯೂಟಿ

ನಾನು ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಡ್ಮಿಶನ್ ಫಾರಂ, ಟಿಸಿ, ಸ್ಕಾಲರ್‌ಶಿಪ್ ಪಟ್ಟಿ, ಸಂಬಳದ ಬಿಲ್ಲು. ಹದಿನಾಲ್ಕು ವರ್ಷದಿಂದ ನನ್ನ ದಿನ ಇದೇ. ಬೆಳಿಗ್ಗೆ ಮನೆಯವರು ಏಳುವ ಮೊದಲು ಒಂದು ಗಂಟೆ ಓಡುತ್ತೇನೆ. ಸ್ನಾನ, ತಿಂಡಿ, ಬಸ್ಸು, ಮತ್ತೆ ಅದೇ ಟೇಬಲ್ಲು.

ಹಾಗಾಗಿ ಜಪಾನಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ನೌಕರ ಟೋಕಿಯೊ ಮ್ಯಾರಥಾನ್‌ನಲ್ಲಿ ಮೂರನೆಯವರಾಗಿ ಬಂದರು ಅಂತ ಓದಿದಾಗ ಆ ಸಾಲನ್ನು ಮತ್ತೆ ಓದಿದೆ. ಮೇಷ್ಟ್ರಲ್ಲ, ಪಿ.ಟಿ. ಟೀಚರ್ ಅಲ್ಲ. ಆಫೀಸಿನವರು. ಅವರ ಹೆಸರು ಯೂಕಿ ಕವಾವುಚಿ. ಅವತ್ತಿನಿಂದ ಅವರ ಓಟಗಳನ್ನು ಒಂದೊಂದಾಗಿ ಹುಡುಕಿ ಓದುತ್ತಾ ಬಂದಿದ್ದೇನೆ. ಅವರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ಆ ಟೋಕಿಯೊ ಓಟ ನಡೆದದ್ದು 2011ರ ಫೆಬ್ರವರಿ 27ರಂದು. 2 ಗಂಟೆ 8 ನಿಮಿಷ 37 ಸೆಕೆಂಡ್. ಅವತ್ತು ಓಡಿದ ಜಪಾನೀಯರಲ್ಲಿ ಅವರೇ ಮೊದಲಿಗರು. ದೊಡ್ಡ ದೊಡ್ಡ ಕಂಪನಿಗಳ ತಂಡದವರೆಲ್ಲ ಅವರ ಹಿಂದೆ ಬಂದರು. ಫಿನಿಶ್ ಲೈನ್ ದಾಟಿದ ಕೂಡಲೇ ಅವರು ಕುಸಿದು ಬಿದ್ದರು, ಎತ್ತಿಕೊಂಡು ಹೋಗಬೇಕಾಯಿತು. ಮುಂದೆ ಜನ ಅವರನ್ನು ಗುರುತಿಸಿದ್ದೇ ಹಾಗೆ. ಮುಖ ಹಿಂಡಿಕೊಂಡು, ತಲೆ ಒಂದು ಕಡೆ ವಾಲಿಸಿಕೊಂಡು, ಇನ್ನು ಒಂದು ಹೆಜ್ಜೆಯೂ ಆಗದು ಅನ್ನುವ ಹಾಗೆ ಓಡುವುದು. ಗೆರೆ ದಾಟಿ ಬೀಳುವುದು. ಮತ್ತೆ ಎರಡು ವಾರಕ್ಕೆ ಇನ್ನೊಂದು ಊರಿನ ಓಟದಲ್ಲಿ ಹಾಜರ್.

ಇದು ಯಾಕೆ ಅಷ್ಟು ದೊಡ್ಡ ಸುದ್ದಿಯಾಯಿತು ಅಂತ ತಿಳಿಯಬೇಕಾದರೆ ಜಪಾನಿನಲ್ಲಿ ಓಟಗಾರರು ಹೇಗೆ ಬದುಕುತ್ತಾರೆ ಅನ್ನುವುದು ಗೊತ್ತಿರಬೇಕು. ಅಲ್ಲಿ ದೂರದ ಓಟ ನಮ್ಮ ಕ್ರಿಕೆಟ್ ಇದ್ದ ಹಾಗೆ. ಹೊಸ ವರ್ಷದ ಮೊದಲ ದಿನವೇ ಕಂಪನಿ ತಂಡಗಳ ರಿಲೇ ಓಟ. ಅದು ಮುಗಿದರೆ ಜನವರಿ 2 ಮತ್ತು 3ಕ್ಕೆ ಹಕೊನೆ ಎಕಿದೆನ್. ಟೋಕಿಯೊದಿಂದ ಹಕೊನೆ ಬೆಟ್ಟಕ್ಕೆ ಹೋಗಿ ವಾಪಸ್ ಬರುವ, ಸುಮಾರು 217 ಕಿಲೋಮೀಟರ್‌ನ ರಿಲೇ. ವಿಶ್ವವಿದ್ಯಾಲಯಕ್ಕೆ ಹತ್ತು ಜನ. ಕೈಗೆ ಕೋಲು ಕೊಡುವುದಿಲ್ಲ, ಹೆಗಲ ಮೇಲಿನ ಪಟ್ಟಿ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಎರಡು ದಿನ ಇಡೀ ದೇಶ ಟಿವಿ ಮುಂದೆ ಕೂತಿರುತ್ತದೆ. ಅಲ್ಲಿ ಚೆನ್ನಾಗಿ ಓಡಿದ ಹುಡುಗರನ್ನು ಕಂಪನಿಗಳು ಕೆಲಸ ಕೊಟ್ಟು ಕರೆದುಕೊಳ್ಳುತ್ತವೆ. ಹೆಸರಿಗೆ ಕೆಲಸ. ನಿಜವಾದ ಕೆಲಸ ಓಡುವುದು. ಹಾಸ್ಟೆಲ್, ಕೋಚ್, ಮಸಾಜ್ ಮಾಡುವವರು, ಬೆಟ್ಟದ ಮೇಲಿನ ಕ್ಯಾಂಪ್, ಎಲ್ಲ ಕಂಪನಿಯದ್ದು. ದಿನಕ್ಕೆ ಎರಡು ಸಲ ಪ್ರಾಕ್ಟೀಸ್. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವವರು ಅಲ್ಲಿ ಸಾಮಾನ್ಯ.

ಈ ಏಣಿಯ ಹೊರಗೆ ನಿಂತು ಓಡುವವರನ್ನು ಅಲ್ಲಿ ‘ಶಿಮಿನ್ ರನ್ನರ್’ ಅಂತಾರೆ. ಶಿಮಿನ್ ಅಂದರೆ ನಾಗರಿಕ. ನಮ್ಮ ನಿಮ್ಮ ಹಾಗೆ ಕೆಲಸಕ್ಕೆ ಹೋಗುತ್ತಾ, ಬಿಡುವಿನಲ್ಲಿ ಓಡುವವರು. ಅಂಥ ಒಬ್ಬರು ಏಣಿಯ ಮೇಲಿದ್ದವರನ್ನು ಹಿಂದೆ ಹಾಕಿದ್ದೇ ಆ ಗದ್ದಲಕ್ಕೆ ಕಾರಣ.

ಕವಾವುಚಿ ಹುಟ್ಟಿದ್ದು 1987ರ ಮಾರ್ಚ್ 5ರಂದು, ಟೋಕಿಯೊದಲ್ಲಿ. ಬೆಳೆದದ್ದು ಪಕ್ಕದ ಸೈತಾಮ ಪ್ರಾಂತ್ಯದಲ್ಲಿ. ಅವರನ್ನು ಓಟಕ್ಕೆ ಹಚ್ಚಿದ್ದು ಅಮ್ಮ. ಪ್ರೈಮರಿ ಶಾಲೆಯ ಹುಡುಗನನ್ನು ದಿನವೂ ಪಾರ್ಕಿಗೆ ಕರೆದುಕೊಂಡು ಹೋಗಿ, ಗಡಿಯಾರ ಹಿಡಿದು ಓಡಿಸುತ್ತಿದ್ದರು. ಸಮಯ ಕೆಟ್ಟರೆ ಇನ್ನಷ್ಟು ಸುತ್ತು. ಚೆನ್ನಾಗಿ ಓಡಿದರೆ ತಿನ್ನಲು ಏನಾದರೂ. ಇದನ್ನು ಓದುವಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಅಷ್ಟು ಚಿಕ್ಕ ಮಗುವಿಗೆ ದಿನಾ ಪರೀಕ್ಷೆ. ನಾನಾದರೆ ನನ್ನ ಮಗಳಿಗೆ ಹಾಗೆ ಮಾಡಲಾರೆ. ಆದರೆ ಪೂರಾ ದಮ್ಮು ಕಟ್ಟಿ ಓಡುವುದು ಅವರಿಗೆ ಊಟ ತಿಂಡಿಯಷ್ಟು ಸಹಜವಾದದ್ದು ಅಲ್ಲೇ ಇರಬೇಕು ಅಂತಲೂ ಅನ್ನಿಸುತ್ತದೆ.

ಹೈಸ್ಕೂಲಿನಲ್ಲಿ ಎಲ್ಲ ಕೆಟ್ಟಿತು. ಓಟಕ್ಕೆ ಹೆಸರಾದ ಶಾಲೆ, ಜೋರು ಪ್ರಾಕ್ಟೀಸ್. ಒಂದರ ಹಿಂದೆ ಒಂದು ನೋವು. ಓಡಿದ್ದಕ್ಕಿಂತ ಕೂತಿದ್ದೇ ಜಾಸ್ತಿ. ಹಕೊನೆಯಲ್ಲಿ ಮಿಂಚುವ ಯಾವ ದೊಡ್ಡ ವಿಶ್ವವಿದ್ಯಾಲಯವೂ ಅವರನ್ನು ಕರೆಯಲಿಲ್ಲ. ಕೊನೆಗೆ ಸೇರಿದ್ದು ಗಕುಶುಇನ್ ವಿಶ್ವವಿದ್ಯಾಲಯಕ್ಕೆ. ಜಪಾನಿನ ರಾಜಮನೆತನದ ಮಕ್ಕಳು ಓದುವ ಜಾಗ ಅಂತ ಅದಕ್ಕೆ ಹೆಸರು. ಓಟಕ್ಕೆ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟವರಲ್ಲ.

ಅಲ್ಲೇ ಅವರ ನಿಜವಾದ ಕಥೆ ಶುರುವಾಗುವುದು. ಅಲ್ಲಿನ ಕೋಚ್ ಹೇಳಿದ್ದು ಅವರು ಅಲ್ಲಿಯವರೆಗೆ ಕೇಳಿದ್ದಕ್ಕೆ ಪೂರ್ತಿ ಉಲ್ಟಾ. ವಾರಕ್ಕೆ ಎರಡೇ ದಿನ ಜೋರಾಗಿ ಓಡು. ಉಳಿದ ದಿನ ನಿಧಾನವಾಗಿ, ಮಾತಾಡಿಕೊಂಡು ಓಡುವಷ್ಟು ಹಗುರವಾಗಿ ಓಡು. ದಿನಕ್ಕೆ ಒಂದೇ ಸಲ. ಮೊದಲಿಗೆ ಅವರಿಗೇ ನಂಬಿಕೆ ಬಂದಿರಲಿಕ್ಕಿಲ್ಲ. ಇಷ್ಟು ಸಾಕಾ ಅಂತ ಅನ್ನಿಸಿರಬೇಕು. ಆದರೆ ನೋವು ಹೋಯಿತು. ಸಮಯ ಇಳಿಯುತ್ತಾ ಬಂತು. ಹಕೊನೆಗೆ ತಂಡವಾಗಿ ಅರ್ಹತೆ ಸಿಗದ ಕಾಲೇಜುಗಳಿಂದ ಒಬ್ಬೊಬ್ಬರನ್ನು ಆರಿಸಿ ಒಂದು ಕೂಡು ತಂಡ ಮಾಡುತ್ತಾರೆ. ಆ ತಂಡದಲ್ಲಿ 2007ರಲ್ಲೂ 2009ರಲ್ಲೂ ಅವರು ಓಡಿದರು. ಎರಡೂ ಸಲ ಆರನೇ ಭಾಗ. ಬೆಟ್ಟದ ಮೇಲಿಂದ ಕೆಳಗೆ ಧುಮುಕುವ ಹಾಗೆ ಇಳಿಯುವ ದಾರಿ ಅದು, ತೊಡೆ ಮಂಡಿಗಳನ್ನು ಹಿಂಡಿ ಹಾಕುತ್ತದೆ.

ಪದವಿ ಮುಗಿದ ಮೇಲೆ ಅವರು ಸೈತಾಮದ ಸರ್ಕಾರಿ ನೌಕರಿಗೆ ಸೇರಿದರು. ಕಸುಕಬೆ ಅನ್ನುವ ಊರಿನ ಹೈಸ್ಕೂಲಿನಲ್ಲಿ ಸಂಜೆ ತರಗತಿಗಳ ವಿಭಾಗ, ಅಲ್ಲಿ ಆಫೀಸ್ ಕೆಲಸ. ಮಧ್ಯಾಹ್ನ 12:45ಕ್ಕೆ ಡ್ಯೂಟಿ ಶುರು, ರಾತ್ರಿ 9:15ಕ್ಕೆ ಮುಕ್ತಾಯ. ಹಗಲು ದುಡಿದು ಸಂಜೆ ಓದಲು ಬರುವ ಮಕ್ಕಳ ಶಾಲೆ.

ಬೆಳಿಗ್ಗೆ ಎರಡು ಗಂಟೆ ಓಟ, ಮಧ್ಯಾಹ್ನ ಕೆಲಸ. ಇಷ್ಟೇ ದಿನಚರಿ. ಬುಧವಾರ ಟ್ರ್ಯಾಕ್ ಮೇಲೆ ಜೋರು ಓಟ. ಶನಿವಾರ ದೂರದ ಓಟ. ಉಳಿದ ದಿನ ನಿಧಾನ. ತಿಂಗಳಿಗೆ ಸುಮಾರು 600 ಕಿಲೋಮೀಟರ್. ಕಂಪನಿ ತಂಡದವರು ಓಡುವುದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಎಲ್ಲ ಕಡೆ ಅವರ ಬಗ್ಗೆ ಬರೆಯುವಾಗ ‘ಕೆಲಸ ಮಾಡುತ್ತಿದ್ದರೂ ಇಷ್ಟು ಸಾಧಿಸಿದರು’ ಅಂತಾರೆ. ಆ ‘ದ್ದರೂ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹನ್ನೆರಡೂ ಮುಕ್ಕಾಲಿಗೆ ಆಫೀಸಿನಲ್ಲಿ ಇರಲೇಬೇಕು ಅಂದರೆ ಎರಡನೇ ಸಲ ಓಡಲು ಹೊತ್ತೇ ಇಲ್ಲ. ಬೇಕು ಅಂದರೂ ದೇಹವನ್ನು ಅತಿಯಾಗಿ ದಂಡಿಸಲು ಆಗುವುದಿಲ್ಲ. ಹೈಸ್ಕೂಲಿನಲ್ಲಿ ಅವರನ್ನು ಮುರಿದು ಹಾಕಿದ್ದು ಆ ಅತಿಯೇ ತಾನೆ? ನೌಕರಿ ಅದಕ್ಕೆ ಬೇಲಿ ಹಾಕಿತು. ನನ್ನ ಪ್ರಕಾರ ಕವಾವುಚಿ ಓಡಿದ್ದು ಆ ಡ್ಯೂಟಿಯ ದೆಸೆಯಿಂದ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ನನ್ನದೇ ಒಂದು ಕಾರಣ ಇದೆ. ಆರು ವರ್ಷದ ಹಿಂದೆ ನಾನು ಒಂದು ಓಟದ ಗುಂಪಿಗೆ ಸೇರಿದ್ದೆ. ಅಲ್ಲಿ ದಿನವೂ ಜೋರು. ನಿಧಾನ ಓಡಿದರೆ ಸೋಮಾರಿ ಅನ್ನುವ ಮಾತು. ವಾರಕ್ಕೆ ಎಷ್ಟು ಕಿಲೋಮೀಟರ್ ಅಂತ ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಹಾಕುತ್ತಿದ್ದರು. ನಾಲ್ಕನೇ ತಿಂಗಳಿಗೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಬಂತು. ಮೂರು ತಿಂಗಳು ಆಫೀಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಹಾಗೆ ಕೂತಿದ್ದ ದಿನಗಳಲ್ಲೇ ಕವಾವುಚಿಯವರ ವಾರದ ಲೆಕ್ಕ ನನ್ನ ಕಣ್ಣಿಗೆ ಬಿತ್ತು. ಎರಡು ದಿನ ಜೋರು, ಐದು ದಿನ ನಿಧಾನ. 2:08 ಓಡುವ ಮನುಷ್ಯ ಐದು ದಿನ ನಿಧಾನವಾಗಿ ಓಡುತ್ತಾರೆ! ಆಮೇಲೆ ನಾನು ಶುರು ಮಾಡಿದ್ದು ಹಾಗೇ. ಇವತ್ತಿನವರೆಗೂ ಆ ಕಾಲು ಮತ್ತೆ ನೋಯಲಿಲ್ಲ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅಷ್ಟು ಕಡಿಮೆ ಓಡಿ ಮ್ಯಾರಥಾನ್‌ಗೆ ಬೇಕಾದ ಶಕ್ತಿ ಎಲ್ಲಿಂದ ಬಂತು? ಉತ್ತರ ಅವರ ಓಟಗಳ ಪಟ್ಟಿಯಲ್ಲೇ ಇದೆ. ಬೇರೆ ದೊಡ್ಡ ಓಟಗಾರರು ವರ್ಷಕ್ಕೆ ಎರಡು ಮ್ಯಾರಥಾನ್ ಓಡುತ್ತಾರೆ. ತಿಂಗಳುಗಟ್ಟಲೆ ತಯಾರಿ, ಒಂದು ಓಟ, ಆಮೇಲೆ ವಿಶ್ರಾಂತಿ. ಕವಾವುಚಿ 2013ರಲ್ಲಿ ಒಂದೇ ವರ್ಷಕ್ಕೆ 11 ಮ್ಯಾರಥಾನ್ ಓಡಿದರು.

ಸುಮ್ನೆ ಹುಚ್ಚು ಅಂತ ನನಗೂ ಮೊದಲು ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಅವರಿಗೆ ತಂಡ ಇಲ್ಲ. ಬುಧವಾರ ಟ್ರ್ಯಾಕ್ ಮೇಲೆ ಅವರ ಪಕ್ಕ ಓಡಲು ಯಾರೂ ಇಲ್ಲ. ನೀರಿನ ಬಾಟಲಿ ಕೊಡುವವರಿಲ್ಲ, ಸಮಯ ಕೂಗುವವರಿಲ್ಲ. ರೇಸಿಗೆ ಹೋದರೆ ಎಲ್ಲ ಇದೆ. ಮುಂದೆ ಓಡುವವರು ಇದ್ದಾರೆ, ಹಿಂದೆ ಬರುವವರು ಇದ್ದಾರೆ, ರಸ್ತೆ ಖಾಲಿ ಮಾಡಿಸಿದ್ದಾರೆ, ನೀರು ಇಟ್ಟಿದ್ದಾರೆ, ಬಿದ್ದರೆ ಎತ್ತಲು ಡಾಕ್ಟರ್ ಕೂಡ ಇದ್ದಾರೆ. ಒಬ್ಬಂಟಿ ಓಟಗಾರನಿಗೆ ಅದಕ್ಕಿಂತ ಒಳ್ಳೆಯ ಪ್ರಾಕ್ಟೀಸ್ ಎಲ್ಲಿ ಸಿಗುತ್ತದೆ? ಬೇರೆಯವರಿಗೆ ರೇಸ್ ಅಂದರೆ ವರ್ಷದ ಕೊನೆಯ ಪರೀಕ್ಷೆ. ಇವರಿಗೆ ಅದೇ ಕ್ಲಾಸು. ರಜೆ ಹಾಕಿ, ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆದು ಊರೂರಿಗೆ ಹೋಗುತ್ತಿದ್ದರು. ಸರ್ಕಾರಿ ನೌಕರರಾದ್ದರಿಂದ ಯಾವ ಕಂಪನಿಯ ಪ್ರಾಯೋಜಕತ್ವವನ್ನೂ ಪಡೆಯುವಂತಿರಲಿಲ್ಲ. ರಜೆ ಲೆಕ್ಕ ಹಾಕಿ ಕೂಡಿಡುವ ಕಷ್ಟ ನನಗೆ ಗೊತ್ತು. ಸಿ.ಎಲ್. ಎಷ್ಟು ಉಳಿದಿದೆ ಅಂತ ನೋಡಿಕೊಂಡೇ ನಾವು ಮದುವೆಗೆ ಹೋಗುವುದು, ಅಲ್ವಾ? ಅವರು ಮ್ಯಾರಥಾನ್‌ಗೆ ಹೋದರು.

ಆ 2013ರ ಶುರುವನ್ನು ಸ್ವಲ್ಪ ನೋಡಿ. ಜನವರಿಯಲ್ಲಿ ಈಜಿಪ್ಟಿನ ಲಕ್ಸಾರ್‌ನಲ್ಲಿ ಒಂದು ಮ್ಯಾರಥಾನ್. ಏರ್‌ಪೋರ್ಟಿಗೆ ಹೋದರು, ಪಾಸ್‌ಪೋರ್ಟ್ ಮನೆಯಲ್ಲೇ ಇತ್ತು. ವಿಮಾನ ತಪ್ಪಿತು. ಇನ್ನೊಬ್ಬರಾಗಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದರು. ಇವರು ಸುಮಾರು 8 ಲಕ್ಷ ಯೆನ್ ಕೊಟ್ಟು ಬೇರೆ ಟಿಕೆಟ್ ತೆಗೆದರು. ಒಬ್ಬ ಗುಮಾಸ್ತನ ಸಂಬಳಕ್ಕೆ ಅದು ಎಷ್ಟು ತಿಂಗಳ ದುಡ್ಡು ಯೋಚಿಸಿ. ಹೋಗಿ ಓಡಿ ಗೆದ್ದರು. 2:12:24.

ಈ ಸಮಯದ ತೂಕ ನಮಗೆ ತಿಳಿಯಲು ಒಂದು ಹೋಲಿಕೆ ಸಾಕು. 1978ರಲ್ಲಿ ಶಿವನಾಥ್ ಸಿಂಗ್ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಓಡಿದ ಮ್ಯಾರಥಾನ್ ದಶಕಗಳ ಕಾಲ ಭಾರತದ ದಾಖಲೆಯಾಗಿ ಉಳಿಯಿತು. ಬೂಟಿಲ್ಲದೆ ಓಡಿ ಬೆಳೆದ ಆ ಮಹಾನ್ ಓಟಗಾರರ ಜೀವಮಾನದ ಓಟಕ್ಕೆ 24 ಸೆಕೆಂಡ್ ಹತ್ತಿರದ ಸಮಯವನ್ನು ಕವಾವುಚಿ ತಯಾರಿ ಓಟದಲ್ಲಿ ಓಡುತ್ತಿದ್ದರು.

ತಯಾರಿ ಅಂದದ್ದು ಯಾಕೆಂದರೆ ಎರಡೇ ವಾರಕ್ಕೆ, ಫೆಬ್ರವರಿ 3ಕ್ಕೆ ಬೆಪ್ಪು-ಓಇತ ಮ್ಯಾರಥಾನ್ ಇತ್ತು. ಅಲ್ಲೂ ಗೆದ್ದರು. 2:08:15, ಆ ಓಟದ ಹೊಸ ದಾಖಲೆ. ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ 2:08:14. ಒಂದೇ ಸೆಕೆಂಡ್ ಉತ್ತಮ. ಅದೇ ವರ್ಷದ ಡಿಸೆಂಬರ್ 1ಕ್ಕೆ ಫುಕುಓಕದಲ್ಲಿ 2:09:05. ಡಿಸೆಂಬರ್ 15ಕ್ಕೆ ಹೋಫುವಿನಲ್ಲಿ 2:09:15. ಎರಡು ವಾರದಲ್ಲಿ ಎರಡು ಸಲ 2:10ರ ಒಳಗೆ. ಪುಸ್ತಕದಲ್ಲಿ ಹೀಗೆ ಮಾಡಬಾರದು ಅಂತಲೇ ಇರುತ್ತದೆ.

ಸೋಲುಗಳೂ ಇದ್ದವು. ಒಲಿಂಪಿಕ್ಸ್ ಅವರಿಗೆ ಕೊನೆಗೂ ಸಿಗಲಿಲ್ಲ. 2012ರ ಟೋಕಿಯೊ ಮ್ಯಾರಥಾನ್ ಲಂಡನ್ ಒಲಿಂಪಿಕ್ಸ್‌ಗೆ ಆಯ್ಕೆಯ ಓಟವಾಗಿತ್ತು. ದೇಶವೇ ಅವರತ್ತ ನೋಡುತ್ತಿತ್ತು. 2:12:51, 14ನೇ ಸ್ಥಾನ. ಓಟ ಮುಗಿದ ಮೇಲೆ ಅವರು ತಲೆ ಬೋಳಿಸಿಕೊಂಡರು. ಬೆಂಬಲಿಸಿದವರಲ್ಲಿ ಕ್ಷಮೆ ಕೇಳುವ ರೀತಿ ಅದು.

ಆ ಬೋಳು ತಲೆಯ ಫೋಟೊ ನೋಡಿದಾಗಲೆಲ್ಲ ನನಗೆ ಹಿಂದಿನ ಕಾಲದ ಜಪಾನಿ ಓಟಗಾರ ಕೋಕಿಚಿ ತ್ಸುಬುರಾಯ ನೆನಪಾಗುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಎರಡನೆಯವರಾಗಿ ಸ್ಟೇಡಿಯಂ ಒಳಗೆ ಬಂದರು. ಕೊನೆಯ ಸುತ್ತಿನಲ್ಲಿ, ತಮ್ಮ ಜನರೆಲ್ಲರ ಕಣ್ಣೆದುರು, ಇಂಗ್ಲೆಂಡಿನ ಬೇಸಿಲ್ ಹೀಟ್ಲಿ ತ್ಸುಬುರಾಯರನ್ನು ದಾಟಿ ಮುಂದೆ ಹೋದರು. ಕಂಚು ಸಿಕ್ಕಿತು. ತ್ಸುಬುರಾಯರಿಗೆ ಅದು ಜನರಿಗೆ ಮಾಡಿದ ತಪ್ಪಾಗಿ ಕಂಡಿತು. ಮುಂದಿನ ಒಲಿಂಪಿಕ್ಸ್‌ನಲ್ಲಿ ಆ ತಪ್ಪು ತೀರಿಸುತ್ತೇನೆ ಅಂತ ಹೊರೆ ಹೊತ್ತುಕೊಂಡರು, ಬೆನ್ನು ನೋವು ಬಿಡಲಿಲ್ಲ, 1968ರ ಜನವರಿಯಲ್ಲಿ ತಾವೇ ಜೀವ ಕಳೆದುಕೊಂಡರು. ಆಗ ಅವರಿಗೆ 27 ವರ್ಷ. ಒಂದು ಪದಕವನ್ನು ಸಾಲದ ಹಾಗೆ ಹೊತ್ತುಕೊಳ್ಳುವ ಆ ಸಂಕಟವನ್ನು ಓದುವಾಗ ಈಗಲೂ ಗಂಟಲು ಕಟ್ಟುತ್ತದೆ.

ಕವಾವುಚಿಗೂ ಆ ಹೊರೆ ಹೆಗಲೇರುವ ಸಾಧ್ಯತೆ ಇತ್ತು. ಆದರೆ ಅವರಿಗೆ ಮುಂದಿನ ವಾರ ಇನ್ನೊಂದು ಓಟ ಇರುತ್ತಿತ್ತು. ಯಾವುದೋ ಸಣ್ಣ ಊರಿನ ಹಾಫ್ ಮ್ಯಾರಥಾನ್. ರಸ್ತೆ ಬದಿಯಲ್ಲಿ ಅಜ್ಜಿಯರು ನಿಂತು ‘ಗಂಬಾರೆ’, ಅಂದರೆ ಬಿಡಬೇಡ, ಜೋರಾಗಿ ಓಡು ಅಂತ ಕೂಗುವ ಓಟ. ಸೋಮವಾರ ಆಫೀಸು. ಸೋತ ಮನುಷ್ಯ ಕೂತು ಕೊರಗಲು ಅಲ್ಲಿ ಜಾಗವೇ ಇರಲಿಲ್ಲ.

ಅವರದೇ ಊರು ಕುಕಿ ನಗರದ ಹಾಫ್ ಮ್ಯಾರಥಾನ್‌ನಲ್ಲಿ 2016ರಲ್ಲಿ ಅವರು ಕೋಟು, ಪ್ಯಾಂಟು, ಟೈ ಹಾಕಿಕೊಂಡು ಓಡಿದರು. 1 ಗಂಟೆ 6 ನಿಮಿಷ 42 ಸೆಕೆಂಡ್. ಕೆಲವರು ಇದನ್ನು ತಮಾಷೆ ಅಂದರು. ನನಗೆ ಹಾಗನ್ನಿಸಲಿಲ್ಲ. ಆಫೀಸಿಗೆ ಹೋಗುವ ಬಟ್ಟೆಯಲ್ಲಿ ತನ್ನ ಊರಿನ ಜನರ ನಡುವೆ ಓಡಿದ ಆ ಮನುಷ್ಯನ ಮುಖದಲ್ಲಿ ಇದ್ದದ್ದು ಪ್ರೀತಿ.

ಅವರ ದೊಡ್ಡ ತೊಂದರೆ ಬಿಸಿಲು. ಚಳಿ ಇದ್ದರೆ ಸಿಂಹ, ಸೆಖೆ ಬಂದರೆ ಕಷ್ಟ. ವಿಶ್ವ ಚಾಂಪಿಯನ್‌ಶಿಪ್ ಹೆಚ್ಚಾಗಿ ಆಗಸ್ಟ್‌ನಲ್ಲಿ. 2011ರಲ್ಲಿ ದೇಗುವಿನಲ್ಲಿ 18ನೇ ಸ್ಥಾನ, 2013ರಲ್ಲಿ ಮಾಸ್ಕೋದಲ್ಲೂ 18ನೇ ಸ್ಥಾನ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು, ಅದೂ ಚಿನ್ನಕ್ಕೆ ನಾಲ್ಕೇ ಸೆಕೆಂಡ್ ಹಿಂದೆ. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂಬತ್ತನೆಯವರಾದರು, 2:12:19. ಎಂಟನೇ ಸ್ಥಾನ ಮೂರು ಸೆಕೆಂಡ್‌ನಲ್ಲಿ ತಪ್ಪಿತು. ಅವತ್ತು ಗೆದ್ದವರು ಕೀನ್ಯಾದ ಜೆಫ್ರಿ ಕಿರುಯಿ, 2:08:27. ಸುಮಾರು ನಾಲ್ಕು ನಿಮಿಷದ ಅಂತರ. ಈ ಕಿರುಯಿ ಹೆಸರನ್ನು ನೆನಪಿಟ್ಟುಕೊಳ್ಳಿ.

2018ರ ಜನವರಿ 1. ಜಪಾನಿನಲ್ಲಿ ಎಲ್ಲರೂ ಕಂಪನಿ ತಂಡಗಳ ರಿಲೇ ನೋಡುವ ದಿನ. ಕವಾವುಚಿ ಅಮೆರಿಕದ ಮಾರ್ಶ್‌ಫೀಲ್ಡ್ ಅನ್ನುವ ಸಣ್ಣ ಊರಿನಲ್ಲಿದ್ದರು. ಬೋಸ್ಟನ್ ಹತ್ತಿರದ ಊರು. ಮೈನಸ್ 17 ಡಿಗ್ರಿ ಚಳಿ. ಮ್ಯಾರಥಾನ್‌ಗೆ ಬಂದಿದ್ದವರೇ ಬೆರಳೆಣಿಕೆಯಷ್ಟು ಜನ, ಪೂರ್ತಿ ಓಡಿ ಮುಗಿಸಿದ್ದು ಅವರೊಬ್ಬರೇ. 2:18:59. ಮ್ಯಾರಥಾನ್ ಅನ್ನು 2:20ರ ಒಳಗೆ ಓಡಿದ್ದು ಅದು 76ನೇ ಸಲ. ಅಷ್ಟು ಸಲ ಯಾರೂ ಓಡಿರಲಿಲ್ಲ. ಆಮೇಲೆ ಆ ಲೆಕ್ಕ ನೂರನ್ನೂ ದಾಟಿತು.

ಮೂರೂವರೆ ತಿಂಗಳು ಕಳೆದು ಏಪ್ರಿಲ್ 16ಕ್ಕೆ ಬೋಸ್ಟನ್ ಮ್ಯಾರಥಾನ್. ಆ ದಿನದ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬೋರ್ಗರೆಯುವ ಮಳೆ. ಎದುರು ಗಾಳಿ. ಮೂರು ನಾಲ್ಕು ಡಿಗ್ರಿ ಚಳಿ. ದೊಡ್ಡ ದೊಡ್ಡ ಓಟಗಾರರೆಲ್ಲ ಜಾಕೆಟ್ ಬಿಚ್ಚದೆ ನಡುಗುತ್ತಾ ನಿಂತಿದ್ದಾರೆ. ಓಟ ಶುರುವಾದ ಕೂಡಲೇ ಕವಾವುಚಿ ಒಬ್ಬರೇ ಮುಂದೆ ಹಾರಿದರು. ಮೊದಲ ಮೈಲಿ 4 ನಿಮಿಷ 37 ಸೆಕೆಂಡ್. ಅದು ಇಳಿಜಾರು ನಿಜ. ಆದರೂ ಆಗಿನ ವಿಶ್ವದಾಖಲೆಯ ವೇಗಕ್ಕಿಂತ ಜೋರು. ನೋಡಿದವರಿಗೆ ಇದೆಂಥ ತಪ್ಪು ಅಂತಲೇ ಅನ್ನಿಸಿತು. ಆಮೇಲೆ ಗುಂಪು ಅವರನ್ನು ಹಿಡಿಯಿತು. ಅವರು ಮತ್ತೆ ಮುಂದೆ ಹೋದರು. ಮತ್ತೆ ಹಿಡಿದರು. ಮತ್ತೆ ಹೋದರು.

ಮೊದಲು ನನಗೂ ಅದು ಅರ್ಥವಾಗಿರಲಿಲ್ಲ. ಈಗ ನೋಡಿದರೆ ಅದು ಬುಧವಾರದ ಟ್ರ್ಯಾಕ್ ಓಟದ ಹಾಗೇ ಕಾಣುತ್ತದೆ. ಜೋರು, ನಿಧಾನ, ಜೋರು, ನಿಧಾನ. ಅವರ ಮೈಗೆ ಅದು ಅಭ್ಯಾಸ. ಒಂದೇ ಹದದಲ್ಲಿ ಓಡಿ ಕೊನೆಗೆ ಜೋರು ಮಾಡುವವರಿಗೆ, ಅದೂ ಆ ಚಳಿಯಲ್ಲಿ, ಪ್ರತಿ ಸಲವೂ ಮೈ ಬಿಗಿಯುತ್ತದೆ.

ಅರ್ಧ ದಾಟಿದ ಮೇಲೆ ಕಿರುಯಿ ಎಲ್ಲರನ್ನೂ ಹಿಂದೆ ಹಾಕಿ ಮುಂದೆ ಹೋದರು. ಲಂಡನ್‌ನಲ್ಲಿ ಗೆದ್ದ ಅದೇ ಕಿರುಯಿ. ಹಿಂದಿನ ವರ್ಷ ಬೋಸ್ಟನ್ ಗೆದ್ದವರೂ ಅವರೇ. ಒಂದು ಹಂತದಲ್ಲಿ ಇಬ್ಬರ ನಡುವೆ ಒಂದೂವರೆ ನಿಮಿಷದ ಅಂತರ. ಮ್ಯಾರಥಾನ್‌ನಲ್ಲಿ ಅಷ್ಟು ಅಂತರ ಅಂದರೆ ಮುಂದಿನವರು ಕಣ್ಣಿಗೂ ಕಾಣುವುದಿಲ್ಲ. ಒಬ್ಬೊಬ್ಬರೇ ದೊಡ್ಡ ಓಟಗಾರರು ಓಟ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಕವಾವುಚಿ ಮಾತ್ರ ಅದೇ ಹಿಂಡಿದ ಮುಖದಲ್ಲಿ ಓಡುತ್ತಿದ್ದರು. ಇನ್ನು ಎರಡು ಕಿಲೋಮೀಟರ್‌ನಷ್ಟು ಇದೆ ಅನ್ನುವಾಗ ಕಿರುಯಿ ಕಾಲುಗಳು ಹೆಪ್ಪುಗಟ್ಟಿದ ಹಾಗಾದವು. ಕವಾವುಚಿ ಪಕ್ಕದಿಂದ ದಾಟಿ ಹೋದರು. ತಿರುಗಿಯೂ ನೋಡಲಿಲ್ಲ.

2:15:58. ಎರಡನೆಯವರಾದ ಕಿರುಯಿ ಬಂದದ್ದು 2 ನಿಮಿಷ 25 ಸೆಕೆಂಡ್ ಕಳೆದು. ಬೋಸ್ಟನ್‌ನಲ್ಲಿ 1976ರಿಂದ ಗಂಡಸರ ಓಟವನ್ನು ಅಷ್ಟು ನಿಧಾನದ ಸಮಯದಲ್ಲಿ ಯಾರೂ ಗೆದ್ದಿರಲಿಲ್ಲ. ಸಮಯ ಅವತ್ತು ಯಾರಿಗೂ ಬೇಕಿರಲಿಲ್ಲ. ಇವತ್ತಿನ ಹವೆ ನನಗೆ ಹೇಳಿ ಮಾಡಿಸಿದಂತಿತ್ತು ಅಂತ ಅವರು ಪತ್ರಕರ್ತರಿಗೆ ಹೇಳಿದರು. ಜನವರಿ ಒಂದಕ್ಕೆ ಅದೇ ಸೀಮೆಯಲ್ಲಿ ಮೈನಸ್ 17ರಲ್ಲಿ ಒಬ್ಬರೇ ಓಡಿದ್ದವರಿಗೆ ಇದು ಒಳ್ಳೆಯ ಹವೆಯೇ.

ಬೋಸ್ಟನ್ ಜಪಾನೀಯರಿಗೆ ಬರೀ ಒಂದು ಓಟವಲ್ಲ. 1951ರಲ್ಲಿ ಹಿರೋಶಿಮಾ ಪ್ರಾಂತ್ಯದ ಶಿಗೆಕಿ ತನಕ ಅನ್ನುವ 19ರ ಹುಡುಗ, ಹೆಬ್ಬೆರಳು ಬೇರೆಯಾಗಿರುವ ಜಪಾನಿ ಬಟ್ಟೆ ಶೂ ಹಾಕಿಕೊಂಡು ಅಲ್ಲಿ ಗೆದ್ದಿದ್ದ. ಬಾಂಬು ಬಿದ್ದು ಆಗ ಆರೇ ವರ್ಷ. ಆಮೇಲೆ ಎಷ್ಟೋ ಜನ ಗೆದ್ದರು. ಕೊನೆಯದಾಗಿ ಗೆದ್ದದ್ದು ತೊಶಿಹಿಕೊ ಸೆಕೊ, 1987ರ ಏಪ್ರಿಲ್‌ನಲ್ಲಿ. ಆಗ ಕವಾವುಚಿ ಒಂದೂವರೆ ತಿಂಗಳ ಕೂಸು.

ಅವತ್ತಿನ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಹೆಂಗಸರ ಓಟದಲ್ಲಿ ಡೆಸಿರೀ ಲಿಂಡೆನ್ ಗೆದ್ದರು. ಎರಡನೆಯವರಾದ ಸಾರಾ ಸೆಲ್ಲರ್ಸ್ ಯಾರಿಗೂ ಗೊತ್ತಿರಲಿಲ್ಲ. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ನರ್ಸ್. ಪೂರ್ಣಾವಧಿ ಕೆಲಸ. ಜಗತ್ತಿನ ಅತ್ಯಂತ ಹಳೆಯ ವಾರ್ಷಿಕ ಮ್ಯಾರಥಾನ್‌ನಲ್ಲಿ ಒಂದೇ ದಿನ ಒಬ್ಬ ಶಾಲೆಯ ಗುಮಾಸ್ತ ಮೊದಲನೆಯವರು, ಒಬ್ಬ ನರ್ಸಮ್ಮ ಎರಡನೆಯವರು. ನಾನು ಆ ಸುದ್ದಿಯನ್ನು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ನಮ್ಮ ಸೂಪರಿಂಟೆಂಡೆಂಟ್ ಮೇಡಂ ಕನ್ನಡಕ ಏರಿಸಿಕೊಂಡು ಫೋಟೊ ನೋಡಿ, “ಇವರಿಗೆ ಫಾರಿನ್‌ಗೆ ಹೋಗಲು ಪರ್ಮಿಶನ್ ಯಾರು ಕೊಟ್ಟರಪ್ಪ?” ಅಂದಿದ್ದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಮ್ಮಂಥವರಿಗೆ ಮೊದಲು ಹೊಳೆಯುವುದೇ ಅದು.

ಬೋಸ್ಟನ್ ಗೆದ್ದವರಿಗೆ ಒಂದೂವರೆ ಲಕ್ಷ ಡಾಲರ್ ಬಹುಮಾನ. ಊರಿಗೆ ಮರಳಿ ಏರ್‌ಪೋರ್ಟ್‌ನಲ್ಲೇ ಅವರು ಹೇಳಿದರು, ಮುಂದಿನ ವರ್ಷ ನೌಕರಿ ಬಿಡುತ್ತೇನೆ, ವೃತ್ತಿಯಾಗಿ ಓಡುತ್ತೇನೆ ಅಂತ. 2019ರ ಏಪ್ರಿಲ್‌ನಿಂದ ಒಂದು ವಿಮಾ ಕಂಪನಿಯ ಬೆಂಬಲದಲ್ಲಿ ಓಡತೊಡಗಿದರು. ಅದೇ ವರ್ಷ ಮದುವೆಯಾಯಿತು, ಹೆಂಡತಿಯೂ ಮ್ಯಾರಥಾನ್ ಓಟಗಾರ್ತಿ.

ಸುದ್ದಿ ಓದಿ ನನಗೆ ಬೇಜಾರಾಗಿತ್ತು, ನಿಜ ಹೇಳಬೇಕು. ನಮ್ಮವರೊಬ್ಬರು ಆಫೀಸು ಬಿಟ್ಟು ಹೋದ ಹಾಗೆ. ಆಮೇಲೆ ಯೋಚಿಸಿದೆ. ಹತ್ತು ವರ್ಷ ರಜೆ ಲೆಕ್ಕ ಹಾಕಿ ಓಡಿದ ಮನುಷ್ಯನಿಗೆ ಒಂದು ಸಲ ಲೆಕ್ಕವಿಲ್ಲದೆ ಓಡುವ ಆಸೆ ಇರುವುದಿಲ್ಲವಾ? ಅದರಲ್ಲಿ ತಪ್ಪೇನಿದೆ?

ಆಮೇಲೂ ಒಲಿಂಪಿಕ್ಸ್ ಕೈಗೆ ಬರಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಆಯ್ಕೆ ಓಟಕ್ಕೆ ಅರ್ಹತೆ ಇತ್ತು, ಆದರೆ ಅದನ್ನು ಬಿಟ್ಟು ದೋಹಾದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದರು. ಅಲ್ಲಿ 29ನೇ ಸ್ಥಾನ. ಮಧ್ಯರಾತ್ರಿ ಓಡಿಸಿದರೂ ಸೆಖೆ ಬಿಡಲಿಲ್ಲ. ಇನ್ನು ಇವರ ಕಥೆ ಮುಗಿಯಿತು ಅಂದವರು ಬಹಳ. 2021ರ ಫೆಬ್ರವರಿ 28ರಂದು ಬಿವಾ ಸರೋವರದ ದಡದ ಓಟದಲ್ಲಿ, ಇನ್ನೇನು 34 ತುಂಬಲು ಐದು ದಿನ ಇರುವಾಗ, 2:07:27ಕ್ಕೆ ಓಡಿದರು. ಎಂಟು ವರ್ಷದ ಹಿಂದಿನ ತಮ್ಮದೇ ಸಮಯಕ್ಕಿಂತ 47 ಸೆಕೆಂಡ್ ಉತ್ತಮ. ಹೊಸ ಬಗೆಯ ಶೂಗಳು ಬಂದು ಎಲ್ಲರ ಸಮಯವೂ ಇಳಿಯುತ್ತಿದ್ದ ಕಾಲ ಅದು, ಒಪ್ಪುತ್ತೇನೆ. ಆದರೂ ಸುಮಾರು ನೂರು ಮ್ಯಾರಥಾನ್ ಓಡಿದ ಕಾಲುಗಳು ಅವು.

2023ರ ಅಕ್ಟೋಬರ್ 15, ಭಾನುವಾರ. ನಮ್ಮಲ್ಲಿ ನವರಾತ್ರಿಯ ಮೊದಲ ದಿನ. ಟೋಕಿಯೊದಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಆಯ್ಕೆಯ ಓಟ. ಮೊದಲ ಇಬ್ಬರಿಗೆ ನೇರ ಜಾಗ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಶುರು, ಇಲ್ಲಿ ನಾಲ್ಕೂವರೆ. ಗೊಂಬೆ ಕೂರಿಸಿದ್ದ ಕೋಣೆಯಲ್ಲೇ ಚಾಪೆ ಮೇಲೆ ಕೂತು ಫೋನ್ ಹಿಡಿದಿದ್ದೆ. ಟೋಕಿಯೊದಲ್ಲಿ ಧಾರಾಕಾರ ಮಳೆ, ಚಳಿ. ಮಳೆ ಅಂತ ಓದಿದ ಕೂಡಲೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. 36 ವರ್ಷದ ಕವಾವುಚಿ ಓಟ ಶುರುವಾದ ಕೂಡಲೇ ಒಬ್ಬರೇ ಮುಂದೆ ಹೋದರು. ತಮಗಿಂತ ಎಷ್ಟೋ ವೇಗದ ಹುಡುಗರು ಹಿಂದೆ ಗುಂಪಾಗಿ ಬರುತ್ತಿದ್ದರು. ಹತ್ತು ಕಿಲೋಮೀಟರ್, ಒಬ್ಬರೇ. ಇಪ್ಪತ್ತು, ಒಬ್ಬರೇ. ಮೂವತ್ತು, ಇನ್ನೂ ಒಬ್ಬರೇ. ಮಗಳು ಎದ್ದು ಬಂದು ಏನಮ್ಮ ಅಂದಳು. ಸುಮ್ಮನಿರು ಅಂತ ಕೈ ತೋರಿಸಿದೆ.

35 ಕಿಲೋಮೀಟರ್ ಹೊತ್ತಿಗೆ ಗುಂಪು ಅವರನ್ನು ಹಿಡಿಯಿತು.

ಅಷ್ಟು ದೂರ ಒಬ್ಬರೇ ಓಡಿದವರನ್ನು ಗುಂಪು ಹಿಡಿದರೆ ಸಾಮಾನ್ಯವಾಗಿ ಅವರು ಅಲ್ಲಿಗೇ ಮುಗಿದ ಹಾಗೆ. ಒಂದೆರಡು ಕಿಲೋಮೀಟರ್‌ನಲ್ಲಿ ಹತ್ತಾರು ಸ್ಥಾನ ಕೆಳಗೆ ಇಳಿಯುತ್ತಾರೆ. ಅವರು ಇಳಿಯಲಿಲ್ಲ. ನಾವೊಕಿ ಕೊಯಾಮ ಮೊದಲನೆಯವರು, 2:08:57. ಅಕಿರ ಅಕಸಾಕಿ ಎರಡನೆಯವರು. ಸುಗುರು ಒಸಾಕೊ ಮೂರನೆಯವರು, 2:09:11. ಕವಾವುಚಿ ನಾಲ್ಕನೆಯವರು, 2:09:18.

ಕಾಫಿ ಇಟ್ಟು, ಶೂ ಕಟ್ಟಿಕೊಂಡು ಹೊರಗೆ ಬಂದೆ. ಅವತ್ತು ನನ್ನ ನಿಧಾನದ ಓಟದ ದಿನ.